ಬಿಳಿ ಬಟ್ಟೆಯ ಅಪರಿಚಿತ

ಜೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದವನ ಸಾಮತಿಯನ್ನು ನಾವು ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಯಾಜಕ ಬಂದ, ಲೇವಿಯ ಬಂದ. ಇಬ್ಬರೂ ಪಕ್ಕಕ್ಕೆ ಸರಿದು ಹೋದರು. ಪರಕೀಯನಾದ ಸಮಾರಿಯದವನು ಮಾತ್ರ ನಿಂತು, ಗಾಯ ಕಟ್ಟಿ, ಛತ್ರಕ್ಕೆ ಕರೆದೊಯ್ದು, ಖರ್ಚನ್ನೂ ಕೊಟ್ಟ. ಮೊದಲಿನ ಇಬ್ಬರು ಏಕೆ ನಿಲ್ಲಲಿಲ್ಲ ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ. ಆದರೂ ಅದನ್ನು ಊಹಿಸುವುದು ನಮಗೆ ಕಷ್ಟವಲ್ಲ. ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿಯಲ್ಲಿ ಓಡಾಡುವ ನಮ್ಮ ಮನಸ್ಸಿನಲ್ಲೂ, ಬೈಕ್ ಮಗುಚಿ ಯಾರೋ ಬಿದ್ದಿರುವುದನ್ನು ಕಂಡ ಕೂಡಲೇ ಅದೇ ಪ್ರಶ್ನೆಗಳು ಏಳುತ್ತವೆ. ಪೊಲೀಸ್ ಕೇಸ್ ಆದರೆ ಏನು ಗತಿ? ಆಸ್ಪತ್ರೆಯವರು ಹಣ ಕಟ್ಟಿ ಎಂದರೆ? ಎತ್ತುವಾಗ ಹೆಚ್ಚುಕಡಿಮೆಯಾಗಿ ಆ ಮನುಷ್ಯ ತೀರಿಕೊಂಡರೆ ನಮ್ಮ ತಲೆಗೆ ಬರುವುದಿಲ್ಲವೇ?

ಈ ಸಲ ನಾವು ಪರಿಚಯಿಸುತ್ತಿರುವವರು ಇಂಥ ಪ್ರಶ್ನೆಗಳ ನಡುವೆಯೇ ಬದುಕಿದ ಒಬ್ಬ ವ್ಯಾಪಾರಿ. ಅವರು ವೈದ್ಯರಲ್ಲ, ಸೈನಿಕರಲ್ಲ, ಗುರುಗಳಲ್ಲ. ಕಥೋಲಿಕರೂ ಅಲ್ಲ. ಜಿನೀವಾದ ಪ್ರೊಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿದವರು. ಆದರೆ ಅವರ ಬದುಕು ತಿರುಗಿದ್ದು ಇಟಲಿಯ ಒಂದು ಕಥೋಲಿಕ ದೇವಾಲಯದ ನೆಲದ ಮೇಲೆ. ರೆಡ್‌ಕ್ರಾಸ್ ಸಂಸ್ಥೆಗೆ ಕಾರಣರಾದ ಹೆನ್ರಿ ಡ್ಯುನಾಂಟ್ ಅವರೇ ಆ ವ್ಯಕ್ತಿ.

ಹೆನ್ರಿ ಹುಟ್ಟಿದ್ದು 1828ರ ಮೇ 8ರಂದು, ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ. ಉಳ್ಳವರ ಮನೆಯಾದರೂ ಬಡವರ ಕಷ್ಟಕ್ಕೆ ಬಾಗಿಲು ಮುಚ್ಚಿದ ಮನೆಯಲ್ಲ. ತಂದೆ ಅನಾಥ ಮಕ್ಕಳಿಗಾಗಿಯೂ ಜೈಲಿನಿಂದ ಬಿಡುಗಡೆಯಾದವರಿಗಾಗಿಯೂ ದುಡಿಯುತ್ತಿದ್ದರು. ತಾಯಿ ರೋಗಿಗಳನ್ನೂ ಬಡವರನ್ನೂ ನೋಡಿಕೊಳ್ಳುತ್ತಿದ್ದರು. ಹುಡುಗ ಓದಿನಲ್ಲಿ ಮುಂದಿರಲಿಲ್ಲ. ಅಂಕಗಳು ಕಡಿಮೆಯಾಗಿ ಕಾಲೇಜು ಬಿಡಬೇಕಾಯಿತು. ಬ್ಯಾಂಕೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಬಿಡುವಿನ ಹೊತ್ತಿನಲ್ಲಿ ಜೈಲಿಗೆ ಹೋಗಿ ಕೈದಿಗಳನ್ನು ಕಾಣುತ್ತಿದ್ದರು. 1852ರಲ್ಲಿ ಜಿನೀವಾದಲ್ಲಿ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎ ಶಾಖೆಯನ್ನು ಕಟ್ಟಿದವರಲ್ಲಿ ಅವರು ಪ್ರಮುಖರು.

ಬ್ಯಾಂಕಿನ ಕೆಲಸ ಅವರನ್ನು ಉತ್ತರ ಆಫ್ರಿಕಾಕ್ಕೆ ಕರೆದೊಯ್ದಿತು. ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ ಅವರು ತಮ್ಮದೇ ಕಂಪನಿ ತೆರೆದರು. ಆದರೆ ಭೂಮಿ ಮತ್ತು ನೀರಿನ ಹಕ್ಕಿನ ವಿಷಯದಲ್ಲಿ ಸ್ಥಳೀಯ ಅಧಿಕಾರಿಗಳಿಂದ ಕೆಲಸ ಮುಂದೆ ಹೋಗಲಿಲ್ಲ. ಅಧಿಕಾರಿಗಳನ್ನು ಬಿಟ್ಟು ನೇರವಾಗಿ ಫ್ರಾನ್ಸಿನ ಚಕ್ರವರ್ತಿ 3ನೇ ನೆಪೋಲಿಯನ್ನನನ್ನೇ ಕಂಡು ಅರ್ಜಿ ಕೊಡುವುದೆಂದು ಅವರು ನಿಶ್ಚಯಿಸಿದರು. ಚಕ್ರವರ್ತಿ ಆಗ ಉತ್ತರ ಇಟಲಿಯಲ್ಲಿ ಆಸ್ಟ್ರಿಯಾದ ವಿರುದ್ಧ ಯುದ್ಧದಲ್ಲಿದ್ದ. ಹೀಗೆ ತನ್ನ ವ್ಯಾಪಾರದ ಕಾಗದಪತ್ರ ಹಿಡಿದು ಹೊರಟ 31 ವರ್ಷದ ಹೆನ್ರಿ 1859ರ ಜೂನ್ 24ರ ಸಂಜೆ ಕಾಸ್ತಿಲ್ಯೋನೆ ಎಂಬ ಪಟ್ಟಣಕ್ಕೆ ಬಂದು ತಲುಪಿದರು.

ಕಾಸ್ತಿಲ್ಯೋನೆ ನಮಗೆ ತೀರ ಅಪರಿಚಿತ ಊರೇನಲ್ಲ. ಸಂತ ಲೂಯಿಸ್ ಗೊನ್ಜಾಗ 1568ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅವರು ರೋಮಿನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ತಂದು ಶುಶ್ರೂಷೆ ಮಾಡಿ, 1591ರಲ್ಲಿ 23ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಅವರದೇ ಹೆಸರು. ಅಲ್ಲಿನ ಪ್ರಾರ್ಥನಾಲಯದಲ್ಲಿ ಇಟಲಿಯ ಸಹೋದರ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ನಮ್ಮಲ್ಲಿ ಬಹುಮಂದಿ ತಲೆಯೆತ್ತಿ ನೋಡಿದ್ದೇವೆ. ಲೂಯಿಸರ ಹಬ್ಬ ಜೂನ್ 21. ಆ ವರ್ಷ ಹಬ್ಬ ಕಳೆದ ಮೂರನೆಯ ದಿನಕ್ಕೆ ಅವರ ಊರೇ ಆಸ್ಪತ್ರೆಯಾಗಿ ಬದಲಾಯಿತು.

ಆ ದಿನ ಬೆಳಗಿನ ಜಾವದಿಂದ ಸಂಜೆಯವರೆಗೆ, ಹತ್ತಿರದ ಸೋಲ್ಫೆರಿನೊ ಗುಡ್ಡಗಳಲ್ಲಿ ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡೀನಿಯಾ, ಇನ್ನೊಂದು ಕಡೆ ಆಸ್ಟ್ರಿಯಾದ ಸೈನ್ಯಗಳು ಕಾದಾಡಿದ್ದವು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 40,000 ಮಂದಿ. ಯುದ್ಧ ಮುಗಿದರೂ ಗಾಯಾಳುಗಳನ್ನು ಎತ್ತುವವರಿರಲಿಲ್ಲ. ಫ್ರೆಂಚ್ ಸೈನ್ಯದಲ್ಲಿ ಕುದುರೆಗಳನ್ನು ನೋಡಲು ಇದ್ದ ವೈದ್ಯರಷ್ಟು ಮಂದಿ ಸೈನಿಕರನ್ನು ನೋಡಲು ಇರಲಿಲ್ಲ. ಬಂಡಿಗಳಲ್ಲಿ, ಕತ್ತೆಗಳ ಮೇಲೆ, ಕುಂಟುತ್ತಾ, ತೆವಳುತ್ತಾ ಸಾವಿರಾರು ಗಾಯಾಳುಗಳು ಕಾಸ್ತಿಲ್ಯೋನೆಗೆ ಬಂದರು. ಮನೆ, ಮಠ, ದೇವಾಲಯ, ಬೀದಿ, ಅಂಗಳ ಎಲ್ಲವೂ ತುಂಬಿದವು. ನೀರಿತ್ತು, ಅನ್ನವೂ ಇತ್ತು. ಆದರೆ ಕೊಡುವ ಕೈಗಳಿಲ್ಲದೆ ಜನ ಬಾಯಾರಿ ಹಸಿದು ಸತ್ತರು.

ಹೆನ್ರಿ ಡ್ಯುನಾಂಟ್ ಬಿಸಿಲಿನ ಪ್ರಯಾಣಕ್ಕೆಂದು ಬಿಳಿ ಬಟ್ಟೆ ತೊಟ್ಟು ಬಂದಿದ್ದರು. ಅರ್ಜಿಯ ವಿಷಯ ಬದಿಗಿಟ್ಟು ಅವರು ಕಿಯೇಜಾ ಮಜ್ಜೋರೆ ಎಂಬ ದೊಡ್ಡ ದೇವಾಲಯಕ್ಕೆ ಹೋದರು. ಒಳಗೆ ಸುಮಾರು 500 ಮಂದಿ ಒಬ್ಬರ ಪಕ್ಕ ಒಬ್ಬರಂತೆ ಬಿದ್ದಿದ್ದರು. ಹೊರಗೆ ಹುಲ್ಲಿನ ಮೇಲೆ ಇನ್ನೂ ನೂರು ಮಂದಿ. ಊರಿನ ಧರ್ಮಗುರು ಫಾದರ್ ಲೊರೆನ್ಜೊ ಬಾರ್ಜಿಜ್ಜಾ ತಮ್ಮ ಶಕ್ತಿಮೀರಿ ದುಡಿಯುತ್ತಿದ್ದರು. ಬಿಳಿ ಬಟ್ಟೆಯ ಈ ಅಪರಿಚಿತರು ಅವರ ಜೊತೆಗೂಡಿದರು. ಊರಿನ ಹೆಂಗಸರನ್ನು, ಹುಡುಗಿಯರನ್ನು ಕರೆದು ಗುಂಪು ಮಾಡಿದರು. ಚಿಕ್ಕ ಹುಡುಗರನ್ನು ಕೊಡ ಬಕೆಟ್ ಕೊಟ್ಟು ನೀರು ತರಲು ಕಳುಹಿಸಿದರು. ತಮ್ಮ ಗಾಡಿಯವನನ್ನು ಬ್ರೆಶ್ಯಾ ನಗರಕ್ಕೆ ಓಡಿಸಿ ಸ್ವಂತ ಹಣದಲ್ಲಿ ನಿಂಬೆಹಣ್ಣು, ಸಕ್ಕರೆ, ಅಂಗಿ, ಬಟ್ಟೆಪಟ್ಟಿ, ಹೊಗೆಸೊಪ್ಪು ತರಿಸಿದರು.

ಅವರು ಮಾಡಿದ್ದು ದೊಡ್ಡ ಚಿಕಿತ್ಸೆಯಲ್ಲ. ವೈದ್ಯರು ಮಾಡಬೇಕಾದ್ದಕ್ಕೆ ಅವರು ಕೈ ಹಾಕಲಿಲ್ಲ. ಗಾಯ ತೊಳೆದರು, ನೀರು ಕುಡಿಸಿದರು, ಸಾಯುವವರ ಕೈ ಹಿಡಿದು ಕುಳಿತರು, ಮನೆಯವರ ವಿಳಾಸ ಕೇಳಿ ಬರೆದುಕೊಂಡರು. ನ್ಯೂಶಾಟೆಲಿನಿಂದ ಬಂದಿದ್ದ ವ್ಯಾಪಾರಿಯೊಬ್ಬರು ಎರಡು ದಿನ ಅವರೊಡನೆ ನಿಂತು ಸಾಯುವವರ ಪರವಾಗಿ ಕೊನೆಯ ಪತ್ರಗಳನ್ನು ಬರೆದುಕೊಟ್ಟರು. ಫ್ರೆಂಚರ ಸೆರೆಯಲ್ಲಿದ್ದ ಆಸ್ಟ್ರಿಯಾದ ವೈದ್ಯರನ್ನು ಬಿಡಿಸಿ ಗಾಯಾಳುಗಳ ಸೇವೆಗೆ ತರುವುದರಲ್ಲೂ ಹೆನ್ರಿ ಯಶಸ್ವಿಯಾದರು. ತಮ್ಮ ಕೈಯಲ್ಲಿ ಆಗುವುದೆಷ್ಟು, ಬಲ್ಲವರಿಗೆ ಬಿಡಬೇಕಾದದ್ದು ಯಾವುದು ಎಂಬ ತಿಳಿವು ಅವರಲ್ಲಿತ್ತು.

ಆ ದೇವಾಲಯದಲ್ಲಿ ಎಷ್ಟು ಭಾಷೆಗಳು! ಫ್ರೆಂಚರು, ಇಟಲಿಯವರು, ಜರ್ಮನ್ ಮಾತನಾಡುವವರು, ಅರಬರು, ಸ್ಲಾವ್ ನಾಡುಗಳವರು. ಮೊದಲಿಗೆ ಊರ ಹೆಂಗಸರು ತಮ್ಮ ಪಕ್ಷದ ಫ್ರೆಂಚರ ಕಡೆಗೇ ಹೋಗುತ್ತಿದ್ದರು. ಹೆನ್ರಿ ಬೇಧವಿಲ್ಲದೆ ಆಸ್ಟ್ರಿಯಾದವರಿಗೂ ನೀರು ಕೊಡುವುದನ್ನು ಕಂಡು ಅವರೂ ಹಾಗೆಯೇ ಮಾಡತೊಡಗಿದರು. ಎಲ್ಲರೂ ಅಣ್ಣತಮ್ಮಂದಿರೇ ಎಂಬ ಅರ್ಥದ ಇಟಾಲಿಯನ್ ಮಾತು ಅಲ್ಲಿ ಬಾಯಿಂದ ಬಾಯಿಗೆ ಹರಡಿತು. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಬ್ಯಾರಿ ಒಂದೇ ಬಸ್ಸಿನಲ್ಲಿ ಕೇಳಿಬರುವ ನಮ್ಮ ಗಡಿನಾಡಿನವರಿಗೆ ಆ ದೇವಾಲಯವನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಾಗದು. ಬಿದ್ದವನು ಯಾವ ಭಾಷೆಯಲ್ಲಿ ನರಳುತ್ತಾನೆ ಎಂದು ಕೇಳಿ ನೀರು ಕೊಡಲಾಗುವುದಿಲ್ಲ. 2020ರ ಲಾಕ್‌ಡೌನಿನ ಆರಂಭದಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ರೋಗಿಗಳ ವಾಹನಗಳು ಈಚೆಯೇ ನಿಂತ ದಿನಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಸ್ತಿಲ್ಯೋನೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ. ಯುದ್ಧದ ಮರುದಿನ ಕೈದಿಗಳನ್ನು ಕರೆತರುತ್ತಿದ್ದ ಕುದುರೆ ಸವಾರರನ್ನು ದೂರದಿಂದ ಕಂಡವರು ಆಸ್ಟ್ರಿಯಾದ ಸೈನ್ಯವೇ ಹಿಂದಿರುಗಿತೆಂದು ತಪ್ಪು ತಿಳಿದರು. ಸುದ್ದಿ ಊರೆಲ್ಲ ಹಬ್ಬಿತು. ಜನ ಬಾಗಿಲು ಭದ್ರಪಡಿಸಿಕೊಂಡರು, ಕಿಟಕಿಗೆ ಕಟ್ಟಿದ್ದ ಫ್ರೆಂಚ್ ಬಾವುಟಗಳನ್ನು ಸುಟ್ಟರು, ನೆಲಮಾಳಿಗೆ ಅಟ್ಟಗಳಲ್ಲಿ ಅಡಗಿದರು. ಒಂದು ದಿನದ ಹಿಂದೆ ಮನೆ ತೆರೆದು ಗಾಯಾಳುಗಳನ್ನು ಒಳಗೆ ಕರೆದುಕೊಂಡಿದ್ದವರೇ ಅವರು. ಅವರ ಹೃದಯ ರಾತ್ರೋರಾತ್ರಿ ಕಲ್ಲಾಗಲಿಲ್ಲ. ಗೆದ್ದವರು ಬಂದು, ನಮ್ಮ ಶತ್ರುವಿಗೆ ಏಕೆ ಉಪಚಾರ ಮಾಡಿದಿರಿ ಎಂದು ಕೇಳಿದರೆ ಕಾಪಾಡುವವರು ಯಾರು ಎಂಬ ಭಯ ಅವರನ್ನು ಹಿಡಿಯಿತು. ಹೆದ್ದಾರಿಯಲ್ಲಿ ನಮ್ಮ ಕಾಲನ್ನು ಹಿಡಿದು ನಿಲ್ಲಿಸುವುದೂ ಇಂಥದೇ ಭಯ.

ಜಿನೀವಾಕ್ಕೆ ಹಿಂದಿರುಗಿದ ಹೆನ್ರಿಗೆ ಆ ದಿನಗಳು ಮರೆಯಲಿಲ್ಲ. ಕಂಡದ್ದನ್ನೆಲ್ಲ ಬರೆದು 1862ರಲ್ಲಿ ಸೋಲ್ಫೆರಿನೊದ ನೆನಪು ಎಂಬ ಪುಸ್ತಕದ 1,600 ಪ್ರತಿಗಳನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿ ಯೂರೋಪಿನ ರಾಜರು, ಮಂತ್ರಿಗಳು, ಸೇನಾಧಿಕಾರಿಗಳಿಗೆ ಕಳುಹಿಸಿದರು. ಕಣ್ಣೀರು ತರಿಸುವಷ್ಟಕ್ಕೆ ಆ ಪುಸ್ತಕ ನಿಲ್ಲಲಿಲ್ಲ. ಅದರ ಕೊನೆಯಲ್ಲಿ ಎರಡು ಸಲಹೆಗಳಿದ್ದವು. ಶಾಂತಿಯ ಕಾಲದಲ್ಲೇ ಪ್ರತಿ ದೇಶದಲ್ಲಿ ಸ್ವಯಂಸೇವಕರನ್ನು ಕಲೆಹಾಕಿ ಶುಶ್ರೂಷೆಯಲ್ಲಿ ತರಬೇತಿ ಕೊಟ್ಟಿರಬೇಕು ಎಂಬುದು ಮೊದಲನೆಯದು. ಗಾಯಾಳುಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ರಕ್ಷಣೆ ಕೊಡಲು ದೇಶದೇಶಗಳು ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು ಎಂಬುದು ಎರಡನೆಯದು. ಒಳ್ಳೆಯ ಮನಸ್ಸೊಂದೇ ಸಾಲದು. ಕಲಿತ ಕೈ ಬೇಕು, ಬೆನ್ನಿಗೆ ಕಾನೂನು ಬೇಕು ಎಂಬುದನ್ನು ಕಾಸ್ತಿಲ್ಯೋನೆ ಅವರಿಗೆ ಕಲಿಸಿತ್ತು.

ಜಿನೀವಾದ ವಕೀಲ ಗುಸ್ತಾವ್ ಮೋನಿಯೆ ಆ ಪುಸ್ತಕ ಓದಿ ವಿಷಯವನ್ನು ಊರಿನ ಜನಹಿತ ಸಂಘದ ಮುಂದಿಟ್ಟರು. ಮೋನಿಯೆ, ಜನರಲ್ ದ್ಯುಫೂರ್, ವೈದ್ಯರಾದ ಅಪ್ಪಿಯಾ ಮತ್ತು ಮೊನ್ವಾರ್, ಇವರೊಂದಿಗೆ ಡ್ಯುನಾಂಟ್ ಸೇರಿ ಐವರ ಸಮಿತಿಯಾಯಿತು. 1863ರ ಫೆಬ್ರವರಿ 17ರಂದು ಅದು ಮೊದಲ ಸಲ ಸಭೆ ಸೇರಿತು. ಅದೇ ಮುಂದೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯಾಯಿತು. ಮರುವರ್ಷ, 1864ರ ಆಗಸ್ಟ್ 22ರಂದು, 12 ದೇಶಗಳ ಪ್ರತಿನಿಧಿಗಳು ಜಿನೀವಾದಲ್ಲಿ ಹತ್ತು ಕಲಮುಗಳ ಒಪ್ಪಂದಕ್ಕೆ ಸಹಿ ಹಾಕಿದರು. ಯಾವ ದೇಶದ ಸೈನಿಕನಾದರೂ ಗಾಯಗೊಂಡವನನ್ನು ಎತ್ತಿ ಉಪಚರಿಸಬೇಕು. ಆಸ್ಪತ್ರೆ, ಆಂಬುಲೆನ್ಸುಗಳ ಮೇಲೆ ದಾಳಿ ಮಾಡಬಾರದು. ಬಿಳಿಯ ಮೇಲೆ ಕೆಂಪು ಶಿಲುಬೆ ಅವುಗಳ ಗುರುತು.

ಆ ಒಪ್ಪಂದದ ಐದನೆಯ ಕಲಮು ನೇರವಾಗಿ ಕಾಸ್ತಿಲ್ಯೋನೆಯ ಹೆಂಗಸರಿಗಾಗಿ ಬರೆದಂತಿದೆ. ಗಾಯಾಳುಗಳಿಗೆ ನೆರವಾಗುವ ಊರಿನವರನ್ನು ಗೌರವಿಸಬೇಕು, ಅವರು ಸ್ವತಂತ್ರರಾಗಿಯೇ ಇರಬೇಕು ಎನ್ನುತ್ತದೆ ಅದು. ಗಾಯಾಳುವಿಗೆ ಆಸರೆ ಕೊಟ್ಟ ಮನೆಗೆ ಆ ಗಾಯಾಳುವೇ ರಕ್ಷಣೆ. ಅಂಥ ಮನೆಯವರು ಸೈನಿಕರಿಗೆ ಬಿಡಾರ ಕೊಡಬೇಕಾಗಿಲ್ಲ, ಯುದ್ಧದ ತೆರಿಗೆಯಲ್ಲೂ ಅವರಿಗೆ ರಿಯಾಯಿತಿ ಉಂಟು. ನೆರವು ನೀಡಿದವನಿಗೆ ಶಿಕ್ಷೆಯಾಗಬಾರದು ಎಂಬ ಮಾತು ಹೀಗೆ ದೇಶದೇಶಗಳ ನಡುವಿನ ಕಾನೂನಾಯಿತು.

ಇಷ್ಟಾದರೂ ಹೆನ್ರಿಯ ಬದುಕು ಹೂವಿನ ಹಾದಿಯಾಗಲಿಲ್ಲ. ಈ ಕೆಲಸದ ಗಡಿಬಿಡಿಯಲ್ಲಿ ಅವರು ವ್ಯಾಪಾರವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. 1867ರಲ್ಲಿ ಅಲ್ಜೀರಿಯಾದ ಕಂಪನಿ ದಿವಾಳಿಯಾಯಿತು. ಅವರನ್ನು ನಂಬಿ ಹಣ ಹಾಕಿದ್ದ ಬಂಧುಗಳು, ಗೆಳೆಯರು ನಷ್ಟಕ್ಕೆ ಸಿಕ್ಕಿದರು. 1868ರಲ್ಲಿ ಜಿನೀವಾದ ನ್ಯಾಯಾಲಯ ಅವರು ವ್ಯವಹಾರದಲ್ಲಿ ಮೋಸ ಮಾಡಿದರೆಂದು ತೀರ್ಪು ಕೊಟ್ಟಿತು. ಇದನ್ನು ನಾವು ಮುಚ್ಚಿಡುವುದಿಲ್ಲ. ತಾವೇ ಕಾರಣರಾದ ಸಮಿತಿಯಿಂದಲೂ ಅವರು ಹೊರಬೀಳಬೇಕಾಯಿತು. ಜಿನೀವಾ ಬಿಟ್ಟು ಹೋದವರು ಮತ್ತೆಂದೂ ಆ ಊರಿಗೆ ಕಾಲಿಡಲಿಲ್ಲ. ಪ್ಯಾರಿಸಿನಲ್ಲಿ ಬೆಂಚುಗಳ ಮೇಲೆ ಮಲಗಿ ರಾತ್ರಿ ಕಳೆದರು. ಮಾಸಿದ ಕೋಟಿಗೆ ಶಾಯಿ ಬಳಿದು, ಕಾಲರಿಗೆ ಸುಣ್ಣದ ಕಡ್ಡಿ ತಿಕ್ಕಿ ಮರ್ಯಾದೆ ಉಳಿಸಿಕೊಂಡರು.

ಕೊನೆಗೆ 1887ರಲ್ಲಿ ಪೂರ್ವ ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಗುಡ್ಡಗಾಡಿನ ಊರು ಸೇರಿದರು. ಅಲ್ಲಿನ ಡಾಕ್ಟರ್ ಹರ್ಮನ್ ಆಲ್ಟೆರ್ ಅವರನ್ನು ಆದರಿಸಿ ನೋಡಿಕೊಂಡರು. 1892ರಿಂದ ಸಾಯುವವರೆಗೆ, 18 ವರ್ಷ, ಅಲ್ಲಿನ ಆಸ್ಪತ್ರೆಯ ಒಂದು ಕೋಣೆಯೇ ಅವರ ಮನೆ. ಬೀದಿಯಲ್ಲಿ ಬಿದ್ದವರನ್ನು ಎತ್ತಿದವರು ತಾವೇ ಅಪರಿಚಿತರ ದಯೆಯಲ್ಲಿ ಬಾಳಿದರು. ಲೋಕ ಅವರನ್ನು ಮರೆತಿತ್ತು. ಸತ್ತೇಹೋಗಿರಬೇಕೆಂದು ಎಷ್ಟೋ ಮಂದಿ ತಿಳಿದಿದ್ದರು. 1895ರಲ್ಲಿ ಸಾಂಕ್ಟ್ ಗಾಲೆನ್ ನಗರದ ಪತ್ರಕರ್ತ ಗಿಯೋರ್ಗ್ ಬೌಂಬೆರ್ಗರ್ ಅವರನ್ನು ಕಂಡು ಲೇಖನ ಬರೆದಾಗ ಯೂರೋಪ್ ಬೆಚ್ಚಿತು. ಜಗದ್ಗುರು 13ನೇ ಲಿಯೋ ಅವರಿಂದಲೂ ಒಂದು ಪತ್ರ ಬಂತು. 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹೆನ್ರಿ ಡ್ಯುನಾಂಟ್ ಮತ್ತು ಫ್ರಾನ್ಸಿನ ಫ್ರೆಡೆರಿಕ್ ಪಾಸಿ ಅವರಿಗೆ ಹಂಚಿ ಕೊಡಲಾಯಿತು.

ಪ್ರಶಸ್ತಿಯ ಹಣವನ್ನು ಅವರು ತಮಗಾಗಿ ಖರ್ಚು ಮಾಡಲಿಲ್ಲ. 1910ರ ಅಕ್ಟೋಬರ್ 30ರಂದು ಅವರು ತೀರಿಕೊಂಡಾಗ ಉಯಿಲು ತೆರೆದು ನೋಡಿದರು. ಹೈಡನ್ ಆಸ್ಪತ್ರೆಯಲ್ಲಿ ಊರಿನ ಬಡ ರೋಗಿಗೆಂದು ಒಂದು ಹಾಸಿಗೆ ಸದಾ ಉಚಿತವಾಗಿರಬೇಕೆಂದು ಅದರಲ್ಲಿ ಹಣ ತೆಗೆದಿಟ್ಟಿದ್ದರು. ಸಮಾರಿಯದವನು ಛತ್ರದವನ ಕೈಯಲ್ಲಿ ಎರಡು ನಾಣ್ಯ ಇಟ್ಟು ಹೋದದ್ದು ಇಲ್ಲಿ ನಮಗೆ ನೆನಪಾಗುತ್ತದೆ. ಅವರ ಇಚ್ಛೆಯಂತೆ ಯಾವ ಆಡಂಬರವೂ ಇಲ್ಲದೆ ಜ್ಯೂರಿಕ್ ನಗರದಲ್ಲಿ ಸಮಾಧಿ ಮಾಡಲಾಯಿತು. ಅವರು ಹುಟ್ಟಿದ ಮೇ 8 ಇಂದು ವಿಶ್ವ ರೆಡ್‌ಕ್ರಾಸ್ ದಿನ.

ಯುದ್ಧಭೂಮಿಯ ಕಾನೂನು ನಮ್ಮ ರಸ್ತೆಗೆ ಅನ್ವಯಿಸುವುದಿಲ್ಲ. ಆದರೆ ಡ್ಯುನಾಂಟ್ ಕೇಳಿದ ರಕ್ಷಣೆಯಂಥದೇ ಒಂದು ಈಗ ನಮ್ಮ ದೇಶದಲ್ಲೂ ಇದೆ. ನಮ್ಮವರಿಗೆ ಅದು ತಿಳಿದಿರುವುದು ಮಾತ್ರ ಕಡಿಮೆ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯರೂ ಗಾಯಾಳುವಿನ ಜೀವ ಉಳಿಸುವ ಚಿಕಿತ್ಸೆ ಮೊದಲು ಕೊಡಬೇಕು, ಪೊಲೀಸ್ ವಿಧಿವಿಧಾನಗಳು ಅದಕ್ಕೆ ಅಡ್ಡಬರಬಾರದು ಎಂದಿತು. 2016ರ ಮಾರ್ಚ್ 30ರಂದು ಅದೇ ನ್ಯಾಯಾಲಯ ಅಪಘಾತದಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. 2020ರಲ್ಲಿ ನಿಯಮಗಳೂ ಬಂದವು. ಕೇಂದ್ರದ ಕಾನೂನಾದ್ದರಿಂದ ತಲಪಾಡಿಯ ಆಚೆಗೂ ಈಚೆಗೂ ಅದು ಒಂದೇ.

ಆ ಕಾನೂನಿನ ಪ್ರಕಾರ ಸದ್ಭಾವನೆಯಿಂದ, ಸ್ವಂತ ಇಚ್ಛೆಯಿಂದ, ಹಣದ ನಿರೀಕ್ಷೆಯಿಲ್ಲದೆ ಅಪಘಾತದಲ್ಲಿ ಸಿಕ್ಕಿದವರಿಗೆ ನೆರವಾದವರ ಮೇಲೆ, ಆಮೇಲೆ ಗಾಯಾಳುವಿಗೆ ಏನೇ ಆದರೂ, ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ದಾವೆ ನಿಲ್ಲದು. ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು, ಬಿಡುವುದು ನೆರವಾದವರ ಇಷ್ಟ. ಆಸ್ಪತ್ರೆಯವರು ಅವರನ್ನು ತಡೆದಿಡುವಂತಿಲ್ಲ, ದಾಖಲಾತಿಗೆ ಹಣ ಕೇಳುವಂತಿಲ್ಲ. ಈ ಹಕ್ಕುಗಳನ್ನು ಸ್ಥಳೀಯ ಭಾಷೆಯಲ್ಲೂ ಬರೆದು ಆಸ್ಪತ್ರೆಯ ಬಾಗಿಲಲ್ಲಿ ಹಾಕಬೇಕೆಂದು ನಿಯಮವೇ ಹೇಳುತ್ತದೆ.

ಆದರೆ ದಾರಿಹೋಕನು ನಿಲ್ಲಲೇಬೇಕೆಂದು ನಮ್ಮ ಕಾನೂನು ಸಾಮಾನ್ಯವಾಗಿ ಬಲವಂತ ಮಾಡುವುದಿಲ್ಲ. ಡ್ಯುನಾಂಟ್ ಹುಟ್ಟಿದ ಸ್ವಿಟ್ಜರ್ಲೆಂಡಿನಲ್ಲಿ ಪ್ರಾಣಾಪಾಯದಲ್ಲಿರುವವನಿಗೆ ಕೈಲಾಗುವ ನೆರವು ಕೊಡದಿದ್ದರೆ ಇಂದು ಅದು ಅಪರಾಧ, ಇಲ್ಲಿ ಹಾಗಿಲ್ಲ. ಅಪಘಾತದಲ್ಲಿ ಭಾಗಿಯಾದ ವಾಹನದ ಚಾಲಕನ ಮಾತು ಬೇರೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಸಾಧ್ಯವಾದುದನ್ನೆಲ್ಲ ಮಾಡುವುದು ಅವನ ಕಾನೂನುಬದ್ಧ ಕರ್ತವ್ಯ. ಉಳಿದ ನಮಗೆ ಕಾನೂನು ಭಯವನ್ನಷ್ಟೇ ತೆಗೆದುಕೊಟ್ಟಿದೆ. ನಿಲ್ಲುವುದು, ಬಿಡುವುದು ನಮ್ಮ ಮನಸ್ಸಾಕ್ಷಿಗೆ ಉಳಿದಿದೆ. ಜಗದ್ಗುರು ಫ್ರಾನ್ಸಿಸ್ 2020ರಲ್ಲಿ ಹೊರಡಿಸಿದ ಸಹೋದರತ್ವದ ಪರಿಪತ್ರದಲ್ಲಿ ಒಂದಿಡೀ ಅಧ್ಯಾಯವನ್ನು ಸಮಾರಿಯದವನ ಸಾಮತಿಗೆ ಮೀಸಲಿಟ್ಟದ್ದು ಈ ಮನಸ್ಸಾಕ್ಷಿಯನ್ನು ಎಬ್ಬಿಸಲಿಕ್ಕೆ.

ನಿಂತಮೇಲೆ ಏನು ಮಾಡಬೇಕೆಂಬುದಕ್ಕೂ ಡ್ಯುನಾಂಟರ ಬದುಕಿನಲ್ಲಿ ಉತ್ತರವಿದೆ. ಗೊತ್ತಿದ್ದಷ್ಟನ್ನೇ ಮಾಡಬೇಕು. ಮೊದಲು ನಾವೇ ಇನ್ನೊಂದು ವಾಹನಕ್ಕೆ ಸಿಕ್ಕದಂತೆ ನೋಡಿಕೊಂಡು 112ಕ್ಕೋ 108ಕ್ಕೋ ಫೋನ್ ಮಾಡಬೇಕು. ಎಚ್ಚರವಿದ್ದವರನ್ನು ಕೇಳಿಯೇ ಮುಟ್ಟಬೇಕು. ಎಚ್ಚರ ತಪ್ಪಿದವರಿಗೆ ನೆರವು ಕೊಡಲು ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಬೆಂಕಿಯೋ ಬೇರೆ ಅಪಾಯವೋ ಇಲ್ಲದಿದ್ದರೆ ಕುತ್ತಿಗೆ, ಬೆನ್ನಿಗೆ ಪೆಟ್ಟಾದವರನ್ನು ಎಳೆದಾಡಬಾರದು. ಅಂದು ಕಾಸ್ತಿಲ್ಯೋನೆಯಲ್ಲಿ ನೀರೇ ದೊಡ್ಡ ಉಪಚಾರವಾಗಿತ್ತು; ಇಂದು ಎಚ್ಚರ ತಪ್ಪಿದವರ ಬಾಯಿಗೆ, ಆಪರೇಷನ್ ಬೇಕಾಗುವಂಥ ಪೆಟ್ಟು ಬಿದ್ದವರಿಗೆ ನೀರು ಕೊಡಬಾರದೆಂದು ಕಲಿಸುತ್ತಾರೆ. ಫೋಟೊ, ವಿಡಿಯೊ ತೆಗೆದು ಹಂಚುವುದು ಬೇಡವೇ ಬೇಡ, ಬಿದ್ದವರಿಗೂ ಮಾನವಿದೆ. ಒಮ್ಮೆ ಕೈಹಿಡಿದಮೇಲೆ ಆಂಬುಲೆನ್ಸಿನವರಿಗೋ ವೈದ್ಯರಿಗೋ ಒಪ್ಪಿಸುವವರೆಗೆ ಬಿಟ್ಟುಹೋಗಬಾರದು.

ಡ್ಯುನಾಂಟರ ಮೊದಲನೆಯ ಸಲಹೆ ನೆನಪಿರಲಿ. ತರಬೇತಿ ಆಗಬೇಕಾದ್ದು ಅಪಘಾತಕ್ಕೆ ಮೊದಲು. ನಮ್ಮ ಧರ್ಮಕೇಂದ್ರದ ಪ್ರತಿ ವಾರ್ಡಿನಲ್ಲಿ ಪ್ರಥಮ ಚಿಕಿತ್ಸೆ ಬಲ್ಲ ಇಬ್ಬರಾದರೂ ಇರುವಂತಾಗಲಿ ಎಂದು ನಾವು ಕೇಳಿಕೊಳ್ಳುತ್ತೇವೆ. ನಮ್ಮ ಮನೆಗಳಲ್ಲಿ ನರ್ಸ್ ಕೆಲಸ ಮಾಡುವ ಅಕ್ಕಂದಿರು, ತಂಗಿಯರು ಎಷ್ಟು ಮಂದಿಯಿಲ್ಲ! ಒಂದು ಭಾನುವಾರ ಬಲಿಪೂಜೆ ಮುಗಿದಮೇಲೆ ಅವರು ಒಂದು ಗಂಟೆ ಹೇಳಿಕೊಟ್ಟರೆ ಯುವಜನರು, ಆಟೋ ಓಡಿಸುವವರು, ಶಾಲಾ ಮಕ್ಕಳು ಕಲಿತುಕೊಳ್ಳಬಹುದು. ವಾರ್ಡಿನ ಗುರಿಕಾರರು ಆಸಕ್ತರ ಹೆಸರುಗಳನ್ನು ಬರೆದು ಧರ್ಮಗುರುಗಳಿಗೆ ತಲುಪಿಸಲಿ.